ಹಂದಿ ಉರುಳಿಗೆ ಹೋದ ಆಂಟೆನಾ ತಂತಿ

ಇವತ್ತು ಅಂಗಡಿಯಲ್ಲಿ ರಿಪೇರಿಗೆ ಬಂದ ಪಂಪಿನ ಮೋಟಾರು ಬಿಚ್ಚಿದೆ. ಸುಟ್ಟ ವಾರ್ನಿಷ್ ವಾಸನೆ ಮೂಗಿಗೆ ಹೊಡೆದದ್ದೇ ತಡ, ಬೇಗೂರಿನ ನಮ್ಮನೆ ಪಡಸಾಲೆ ಕಣ್ಣಿಗೆ ಬಂತು.

ಅಪ್ಪ ಮಿಲಿಟರಿಯಲ್ಲಿ ರೇಡಿಯೋ ಕೆಲಸ ಮಾಡಿ ಬಂದವನು. ಗುಜರಿಗೆ ಬಿದ್ದಿದ್ದ ಹಳೇ ಮಿಲಿಟರಿ ಟ್ರಾನ್ಸ್‌ಮಿಟರ್ ತಂದು, ವರ್ಷಗಟ್ಟಲೆ ಕೂತು ಅದಕ್ಕೆ ಜೀವ ಕೊಟ್ಟಿದ್ದ. ಹಿತ್ತಲಿನ ತೆಂಗಿನ ಮರಗಳ ನಡುವೆ ಆಂಟೆನಾ ತಂತಿ ಎಳೆದಿದ್ದ. ಟ್ರಾನ್ಸ್‌ಮಿಟರ್ ಕಳಿಸುವ ಪವರನ್ನು ಆ ತಂತಿ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಒಳಗಿನ, ಗಾಜಿನ ಬುರುಡೆಯಂಥ ವಾಲ್ವೇ ಸುಟ್ಟುಹೋಗುತ್ತದೆ.

ಒಂದು ದಿನ ಅಪ್ಪ ಎಷ್ಟು ತಿರುಪು ತಿರುಗಿಸಿದರೂ ಮೀಟರಿನ ಮುಳ್ಳು ಹತೋಟಿಗೆ ಬರಲಿಲ್ಲ. ವಾಲ್ವ್ ಕೆಂಡವಾಗಿ ಸತ್ತಿತು, ಪಡಸಾಲೆ ತುಂಬ ಇದೇ ಸುಟ್ಟ ವಾಸನೆ. ಹಿತ್ತಲಿಗೆ ಓಡಿದರೆ ಮರದ ಮೇಲೆ ತಂತಿಯೇ ಇಲ್ಲ.

"ಹಂದಿ ಉರುಳಿಗೆ ಕುಯ್ಕಂಡೆ ಕಣಣ್ಣ. ಜ್ವಾಳನೆಲ್ಲ ತಿಂದಾಕ್ಬುಟ್ಟವೆ," ಎಂದು ಚಿಕ್ಕಪ್ಪ ಹಲ್ಲು ಕಿರಿದ.

ಅಪ್ಪ ಗುದ್ದಲಿ ಕಾವಿನಿಂದ ಬಾಯಿಗೇ ಹೊಡೆದ. ಅಂಗಳದಲ್ಲಿ ಹಲ್ಲು, ರಕ್ತ.

"ಒಂದು ಡಬ್ಬಕ್ಕೆ ತಮ್ಮನ್ನ ಸಾಯಿಸೀಯೇನ್ಲಾ?" ಅಜ್ಜಿ ಚೀರಿದಳು.

"ಇನ್ನೊಂದ್ಸಲ ಡಬ್ಬ ಅಂದ್ರೆ ನಿನ್ಗೂ ಬೀಳ್ತದೆ. ಅತ್ಲಾಗ್ ಓಗವ್ವ!"

ಅಂಥ ವಾಲ್ವ್ ಮತ್ತೆ ಎಲ್ಲೂ ಸಿಗಲಿಲ್ಲ. ಮೊನ್ನೆ ಚಿಕ್ಕಪ್ಪ ಸತ್ತ. ಅಪ್ಪ ಮಣ್ಣಿಗೆ ಹೋಗಲಿಲ್ಲ. ಕರೆಯಲು ಬಂದ ಚಿಕ್ಕಪ್ಪನ ಮಗನನ್ನು ನಾನೇ ಕಾಲರ್ ಹಿಡಿದು ಬೀದಿಗೆ ತಳ್ಳಿದೆ.