ಹಿಂದಿನ ಚಾಪೆಯ ಹಾಡು

ನನ್ನ ಅತ್ತೆಗೆ ದೇವರು ಎಲ್ಲ ಕೊಟ್ಟಿದ್ದ, ಶ್ರುತಿಯೊಂದನ್ನು ಬಿಟ್ಟು. ಬ್ಯಾಡಗಿಯಲ್ಲಿ ವಾರವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸುವ ಅವರು ಭಾನುವಾರ ಚರ್ಚಿನಲ್ಲಿ ಬಾಯಿ ತೆರೆದರೆ ಹಾರ್ಮೋನಿಯಂ ನುಡಿಸುವವರ ಕೈಯೇ ತಡವರಿಸುತ್ತಿತ್ತು. ನಾನೋ, ಅದೇ ಚರ್ಚಿನ ಹಾಡಿನ ತಂಡದ ಮುಂದಾಳು. ಹಾವೇರಿಯ ಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳನ್ನು ಷೋಕೇಸಿನಲ್ಲಿ ಸಾಲಾಗಿಟ್ಟು, ನಾನೇ ಒರೆಸುತ್ತಿದ್ದೆ. ಬೇರೆ ಯಾರಾದರೂ ಮುಟ್ಟಿದರೆ ಸಿಟ್ಟು ಬರುತ್ತಿತ್ತು. ಸಿಟ್ಟು ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ ಬಿಡಿ.

ಬಹಳ ವರ್ಷಗಳ ಹಿಂದೆ ಒಂದು ಕ್ರಿಸ್‌ಮಸ್‌ಗೆ ರಾಣೆಬೆನ್ನೂರಿನಿಂದ ಅತಿಥಿಗಳು ಬರುವವರಿದ್ದರು. ತಂಡದ ಹಿಂದಿನ ಸಾಲಿನಲ್ಲಿ ನಿಂತಿದ್ದ ಅತ್ತೆಯನ್ನು ಪಕ್ಕಕ್ಕೆ ಕರೆದೆ.

"ಅತ್ತಿ, ನೀವು ಬರೇ ತುಟಿ ಆಡಸ್ರಿ. ಧ್ವನಿ ತಗೀಬ್ಯಾಡ್ರಿ."

ಅವರು ನನ್ನ ಮುಖ ನೋಡಿದರು. "ಆತ್ ಬಿಡವಾ" ಎಂದು ಸೆರಗು ಸರಿಮಾಡಿಕೊಂಡರು. ಹಾಡು ಚೆನ್ನಾಗಿ ಬಂತು, ಎಲ್ಲರೂ ನನ್ನನ್ನು ಹೊಗಳಿದರು. ಅತ್ತೆಗೆ ಆಡಿದ ಮಾತನ್ನು ನಾನು ಆ ಸಂಜೆಯೇ ಮರೆತೆ. ಆಮೇಲೆ ಅವರು ತಂಡ ಬಿಟ್ಟು ಹಿಂದಿನ ಚಾಪೆಗೆ ಸರಿದಾಗಲೂ ಕಾರಣ ಕೇಳಲಿಲ್ಲ.

ಹೋದ ವರ್ಷ ನನ್ನ ಗಂಟಲಿನಲ್ಲೊಂದು ಗಂಟು ಬೆಳೆದು ಆಪರೇಷನ್ ಆಯಿತು. ಜೀವ ಉಳಿಯಿತು, ಧ್ವನಿ ಹೋಯಿತು. ಮಾತಾಡಿದರೆ ಒಡಕು ಗಡಿಗೆ ಬಡಿದ ಸದ್ದು. ಚರ್ಚಿಗೆ ಹೋಗುವುದನ್ನೇ ಬಿಟ್ಟೆ. ಹಾಡದೆ ಅಲ್ಲಿ ನಾನು ಯಾರು? ಆದರೆ ಅತ್ತೆ ಪ್ರತಿ ಭಾನುವಾರ ಒಗೆದ ಸೀರೆಯುಟ್ಟು ನನ್ನ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು.

"ಬಾ ನನ್ನವ್ವಾ. ಹಾಡಾಕ ಬ್ಯಾಡ, ಕುಂದ್ರಾಕ ಬಾ."

"ಸುಮ್ನ ಹೋಗ್ರಿ ಅತ್ತಿ, ತಲಿ ತಿನ್ನಬ್ಯಾಡ್ರಿ" ಎಂದು ರೇಗುತ್ತಿದ್ದೆ. ಮುಂದಿನ ಭಾನುವಾರ ಮತ್ತೆ ಹಾಜರು!

ಈಸ್ಟರ್ ದಿನ ಅವರ ಹಟಕ್ಕೆ ಸೋತು ಹೋದೆ. ಎಲ್ಲರಿಗಿಂತ ಹಿಂದಿನ ಚಾಪೆಯ ಮೇಲೆ ಅವರ ಪಕ್ಕ ಕುಳಿತೆ. ಹಬ್ಬದ ಸೀರೆಗೂ ಮೆಣಸಿನಕಾಯಿಯ ಘಾಟು ಹತ್ತಿತ್ತು. ನಾನು ಸೀನಿದೆ, ಅವರು ಬಾಯಿಗೆ ಸೆರಗಿಟ್ಟು ನಕ್ಕರು. ಹಾಡು ಶುರುವಾಯಿತು. ಅತ್ತೆಯ ಕಣ್ಣು ಮುಚ್ಚಿತ್ತು, ಮುಖ ಅರಳಿತ್ತು, ತುಟಿ ಆಡುತ್ತಿತ್ತು. ಧ್ವನಿ ಮಾತ್ರ ಇರಲಿಲ್ಲ.

"ಅತ್ತಿ, ಧ್ವನಿ ಯಾಕ ತಗೀವಲ್ರಿ?" ಎಂದು ಪಿಸುಗುಟ್ಟಿದೆ.

"ನೀನ ಹೇಳಿದ್ದಿಲ್ಲೇನವಾ, ಬರೇ ತುಟಿ ಆಡಸ್ರಿ ಅಂತ."

ಮನಸ್ಸಿನಲ್ಲೇ ವರ್ಷಗಳನ್ನು ಎಣಿಸಿದೆ. ಎಷ್ಟು ಕ್ರಿಸ್‌ಮಸ್, ಎಷ್ಟು ಈಸ್ಟರ್! ಅಷ್ಟೂ ವರ್ಷ ನಾನು ಮುಂದೆ ನಿಂತು ನನ್ನ ಧ್ವನಿಯನ್ನಷ್ಟೇ ಕೇಳಿಕೊಂಡಿದ್ದೆ.

"ಅಯ್ಯ ನನ್ನ ಅತ್ತಿ, ಅದು ಅವತ್ತಿನ ಒಂದ ಹಾಡಿಗೆ ಹೇಳಿದ್ದು! ನಿಮಗ ಸಂಕಟ ಆಗಲಿಲ್ಲೇನ್ರಿ?"

"ಮೊದಲ ಆತು, ಸುಳ್ಳ ಯಾಕ ಹೇಳಲಿ. ಆಮ್ಯಾಲ ಯೇಸಪ್ಪಗ ಕೇಳಸ್ತೈತಿ ಅಂತ ಒಳಗ ಹಾಡಕೋಂತ ಕುಂತ್ನಿ. ಶ್ರುತಿ ತಪ್ಪೇತಿ ಅಂತ ಅಂವ ಒಂದಿನಾನೂ ಅಂದಿಲ್ಲ ನೋಡು." ಘಾಟಿನ ಬೆರಳುಗಳಿಂದ ನನ್ನ ಗಂಟಲಿನ ಹೊಲಿಗೆಯ ಗುರುತು ಸವರಿದರು. "ನಿನಗೂ ಅನ್ನಾಂಗಿಲ್ಲ."

ನನಗೆ ಅಳು ಬಂತು. ನಾಚಿಕೆಗೂ ಬಂತು, ಸಂತೋಷಕ್ಕೂ ಬಂತು. ಆ ಚಾಪೆಯ ಮೇಲೆ ನಾನು ಯಾವ ತಂಡದ ಮುಂದಾಳೂ ಆಗಿರಲಿಲ್ಲ, ಆದರೂ ನನ್ನ ಮನೆಗೇ ಬಂದು ಕುಳಿತ ಹಾಗಿತ್ತು.

"ಇವತ್ತ ಬಾಯಿ ತಗದು ಹಾಡ್ರಿ. ನಾನೂ ಹಾಡತೇನಿ."

ಕೊನೆಯ ಚರಣಕ್ಕೆ ಇಬ್ಬರೂ ಬಾಯಿ ತೆರೆದೆವು. ಮುಂದೆ ನಿಂತಿದ್ದ ತಂಡದ ಹುಡುಗಿ ತಿರುಗಿ ನೋಡಿ ಹುಬ್ಬು ಗಂಟಿಕ್ಕಿದಳು, ಥೇಟ್ ನನ್ನ ಹಾಗೆ. ಅತ್ತೆ ತಟ್ಟನೆ ಬಾಯಿ ಮುಚ್ಚಿದರು. ನಾನು ಅವರ ಕೈ ಹಿಡಿದುಕೊಂಡು ನನ್ನ ಒಡಕು ಧ್ವನಿಯಲ್ಲೇ ಇನ್ನೂ ಜೋರಾಗಿ ಹಾಡಿದೆ, ಅವರು ಮತ್ತೆ ಶುರು ಮಾಡುವ ತನಕ.