ಆಂಟಿಗೆ ಆಗದಿದ್ದ ಹಾಡು

ಮೊನ್ನೆ ಲಿನ್‌ವುಡ್‌ನ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದೆ. ಈ ಪರದೇಶದ ಅಂಗಡಿಗಳಲ್ಲಿ ಸೊಪ್ಪಿನ ಮೇಲೆ ಆಗಾಗ ತಾನಾಗಿಯೇ ನೀರು ಚಿಮುಕುತ್ತದೆ, ಚಿಮುಕಿದ ಕೂಡಲೇ ಒದ್ದೆ ಕೊತ್ತಂಬರಿಯ ವಾಸನೆ ಘಮ್ಮೆಂದು ಏಳುತ್ತದೆ. ಆ ವಾಸನೆಯ ಹಿಂದೆಯೇ ತಲೆಯ ಮೇಲಿನ ಸ್ಪೀಕರಿನಿಂದ ಆ ದರಿದ್ರ ಹಾಡು ಶುರುವಾಯಿತು. ನಾನು ಕೈಯಲ್ಲಿದ್ದ ಕಟ್ಟನ್ನು ಹಾಗೇ ಹಿಡಿದು ನಿಂತುಬಿಟ್ಟೆ.

ನಾನು ಹುಟ್ಟುವ ಹೊತ್ತಿಗೇ ಹಳತಾಗಿದ್ದಿರಬೇಕು ಆ ಇಂಗ್ಲಿಷ್ ಹಾಡು. ಯಾವನೋ ಒಬ್ಬ ತನ್ನನ್ನು ಬಿಟ್ಟುಹೋದ ಹುಡುಗಿಯನ್ನು ನೆನೆದು ಮೂಗಿನಲ್ಲಿ ಗೋಳಾಡುತ್ತಾನೆ. ಹಿಂದೆ ಡಬ್ಬ ಬಡಿದ ಹಾಗೆ ಡ್ರಮ್ಮು. ಔಷಧಿ ಅಂಗಡಿಗೆ ಹೋಗಿ, ಬಟ್ಟೆ ಅಂಗಡಿಗೆ ಹೋಗಿ, ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಕೂತರೂ ಸರಿ, ಹೆಗಲೇರಿದ ಶನಿಯಂತೆ ಅದು ಬಿಡುವುದಿಲ್ಲ. ನನಗಂತೂ ಮೊದಲಿನಿಂದಲೂ ಅದನ್ನು ಕಂಡರೆ ಆಗದು. ಆದರೆ ನನಗಿಂತ ನೂರು ಪಾಲು ಹೆಚ್ಚು ಅದನ್ನು ದ್ವೇಷಿಸಿದವರು ಒಬ್ಬರಿದ್ದರು. ಇಲ್ಲಿಗೆ ಬರುವ ಮೊದಲು ಕೆನ್ಮೋರಿನಲ್ಲಿದ್ದಾಗ ನಮ್ಮ ಪಕ್ಕದ ಮನೆಯ ಆಂಟಿ.

ಮಂಗಳೂರಿನ ಕಡೆಯ ಕ್ರಿಶ್ಚಿಯನ್ನರು. ಆಂಟಿಯ ಗಂಡ ಅಂಕಲ್, ಹತ್ತಿರದ ಊರಾದ ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದರು. ಆಂಟಿ ಊರಿನಲ್ಲೂ, ಇಲ್ಲಿಗೆ ಬಂದ ಮೇಲೂ ಚರ್ಚಿನಲ್ಲಿ ಹಾಡುವವರನ್ನು ಕಟ್ಟಿ ನಡೆಸಿದವರು. ಅವರ ಕಿವಿ ಎಂಥದ್ದೆಂದರೆ ನಮ್ಮ ಮನೆಯ ಕುಕ್ಕರಿನ ಸೀಟಿ ಒಂದು ಎಳೆ ತಗ್ಗಿದರೆ ಬಂದು ಹೇಳುತ್ತಿದ್ದರು. ಮನೆಯಲ್ಲಿ ಗಂಡಹೆಂಡಿರ ಮಾತು ಕೊಂಕಣಿ, ನನ್ನ ಜೊತೆ ಅವರ ಮಂಗಳೂರು ಕನ್ನಡ. ಮೈಸೂರಿನವಳಾದ ನಾನು "ಬರ್ತೀನಿ ಆಂಟಿ" ಎಂದರೆ, "ಬರ್ತೇನೆ ಅಂತ ಹೇಳ್ಲಿಕ್ಕೆ ನಿಂಗೆ ಎಂತ ಕಷ್ಟ ಮಾರಾಯ್ತಿ?" ಎಂದು ಕಾಲೆಳೆಯದೆ ಕಳಿಸುತ್ತಿರಲಿಲ್ಲ.

ಅಂಕಲ್ ಕಣ್ಣು ಮಂಜಾಗಿ ಕಾರು ಓಡಿಸುವುದನ್ನು ಬಿಟ್ಟಿದ್ದರು. ಹಾಗಾಗಿ ಇಬ್ಬರನ್ನೂ ಅಂಗಡಿಗೆ ಕರೆದುಕೊಂಡು ಹೋಗುವ ಕೆಲಸ ನನ್ನದಾಗಿತ್ತು. ನಮ್ಮ ಬೀದಿಯ ಇಳಿಜಾರಿನ ಕೆಳಗೇ ಇದ್ದ ಅಂಗಡಿಯಲ್ಲಿ ಈ ಹಾಡು ಬಾರದ ದಿನ ನನಗೆ ನೆನಪಿಲ್ಲ. "ಬಂದ ನೋಡು ಅಳುಮುಂಜಿ" ಎನ್ನುತ್ತಿದ್ದರು ಆಂಟಿ. "ಶ್ರುತಿ ಇಲ್ಲ, ಎಂತ ಇಲ್ಲ. ಆ ಹುಡುಗಿ ಬಿಟ್ಟುಹೋದದ್ದೇ ಒಳ್ಳೆದಾಯ್ತು." ಹಾಗೆಂದು ಸಾಮಾನಿನ ಗಾಡಿಯನ್ನು ನಡುದಾರಿಯಲ್ಲೇ ಬಿಟ್ಟು ಹೊರಗೆ ನಡೆದುಬಿಡುವುದು, ಹಾಡು ಮುಗಿದ ಮೇಲೆ ಒಳಗೆ ಬರುವುದು. ಒಮ್ಮೆ ಮ್ಯಾನೇಜರನ್ನೇ ಹಿಡಿದು ನಿಲ್ಲಿಸಿ ದೂರು ಕೊಟ್ಟರು. ಪಾಪ ಆ ಹುಡುಗ, ಹಾಡೆಲ್ಲ ಕಂಪನಿಯ ಹೆಡ್ಡಾಫೀಸಿನಿಂದ ಬರುತ್ತದೆ, ಇಡೀ ದಿನ ಕೇಳಬೇಕಾದವನು ನಾನು ಎಂದು ಕೈಚೆಲ್ಲಿದ. ಆಂಟಿಯ ಸಿಟ್ಟು ಅಲ್ಲೇ ಇಳಿಯಿತು. ಆ ವರ್ಷ ಕ್ರಿಸ್ಮಸ್ ತಿಂಡಿಯ ಡಬ್ಬಿಗಳಲ್ಲಿ ಒಂದು ಅವನಿಗೂ ಹೋಯಿತು.

ಇನ್ನೊಂದು ಹೇಳಬೇಕು. ಆಂಟಿ ಗಂಡನನ್ನು ಹೆಸರು ಹಿಡಿದು ಕರೆದವರಲ್ಲ. ಅವರ ಕಡೆಯ ಹಳೆಯ ಹೆಂಗಸರ ರೂಢಿಯಂತೆ "ಆಯ್ಕಲೆಂಗೀ" ಎನ್ನುತ್ತಿದ್ದರು. ಕೊಂಕಣಿಯಲ್ಲಿ "ಕೇಳಿತಾ" ಎಂದು ಅರ್ಥವಂತೆ. ನಮ್ಮೆರಡು ಮನೆಗಳ ನಡುವಿನ ಗೋಡೆ ಇದ್ದೂ ಇಲ್ಲದ ಹಾಗೆ. ಬೆಳಗಾದರೆ ಗೋಡೆಯಾಚೆಯಿಂದ ಆ ಕರೆ, ಕೊನೆಯ ಅಕ್ಷರ ಮೇಲಕ್ಕೆ ಏರುತ್ತ ಬರುತ್ತಿತ್ತು. ಎಲ್ಲಿದ್ದರೂ ಅಂಕಲ್ "ಹಾಂ" ಎನ್ನುತ್ತಿದ್ದರು. ಆಗಿನ್ನೂ ತೊದಲು ನುಡಿಯುತ್ತಿದ್ದ ನನ್ನ ಮಗಳು ಈಚೆಯಿಂದ ತಾನೂ "ಹಾಂ" ಎನ್ನುವಳು. ಆಂಟಿ ಆಚೆ ನಗುತ್ತಿದ್ದುದು ನನಗೆ ಕೇಳುತ್ತಿತ್ತು...

ಒಂದು ಬೆಳಿಗ್ಗೆ ಕರೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅಂಕಲ್ ನಮ್ಮ ಬಾಗಿಲು ಬಡಿದರು, ಕಾಲಿಗೆ ಚಪ್ಪಲಿಯೂ ಇರಲಿಲ್ಲ.

ಆಂಟಿಗೆ ಸ್ಟ್ರೋಕ್ ಆಗಿತ್ತು. ಜೀವ ಉಳಿಯಿತು, ಬಲಗೈ ಮತ್ತು ಮಾತು ಹೋದವು. ನಾವು ಆಡಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ತಿರುಗಿ ಹೇಳಲು ಒಂದು ಶಬ್ದವೂ ಬಾಯಿಗೆ ಬರುತ್ತಿರಲಿಲ್ಲ. ಮಾತು ಕಲಿಸಲು ಮನೆಗೆ ಬರುತ್ತಿದ್ದ ಥೆರಪಿಸ್ಟ್ ಹುಡುಗಿ, ಮಾತು ಹೋದವರಿಗೂ ಕೆಲವು ಸಲ ಹಾಡು ಉಳಿದಿರುತ್ತದೆ, ಅವರಿಗೆ ಪ್ರೀತಿಯ ಹಾಡುಗಳನ್ನು ಹಾಡಿ ನೋಡಿ ಎಂದಳು. ಪ್ರೀತಿಯ ಹಾಡಿಗೇನು ಬರವೇ? ಚರ್ಚಿನವರು ಬಂದು ಹಾಡಿದರು. ಅಂಕಲ್ ತಮ್ಮ ಒಡಕು ದನಿಯಲ್ಲಿ ಆಂಟಿ ಕಲಿಸಿದ ಭಕ್ತಿಗೀತೆಗಳನ್ನು ಹಗಲೆಲ್ಲ ಹಾಡಿದರು. ಆಂಟಿಯ ತುಟಿ ಅಲುಗುತ್ತಿತ್ತು, ಸ್ವರ ಬರುತ್ತಿರಲಿಲ್ಲ. ಕೊನೆಕೊನೆಗೆ ಅಂಕಲ್ ಹಾಡಲು ಬಾಯಿ ತೆರೆದರೆ ಸಾಕು, ಮುಖ ತಿರುಗಿಸಿಬಿಡುತ್ತಿದ್ದರು.

ಒಂದು ದಿನ ಕಾರಿನ ಹತ್ತಿರ ಅಂಕಲ್ ನನಗೆ ಹೇಳಿದರು. "ಅವಳು ನಡೀಬೇಕು ಅಂತ ಇಲ್ಲ, ಅಡುಗೆ ಮಾಡ್ಬೇಕು ಅಂತ ಇಲ್ಲ. ಒಂದು ಸಲ ಕರೀಲಿ, ಸಾಕು. ಈಗ ನಾನು ಯಾವ ರೂಮಲ್ಲಿದ್ದೇನೆ ಅಂತ ನಂಗೇ ಗೊತ್ತಾಗುದಿಲ್ಲ." ನಾನು ಅವರಿಗೆ ಕಾರಿನ ಬಾಗಿಲು ತೆಗೆದೆ.

ಮನೆಯಲ್ಲೇ ಕೂತು ಆಂಟಿಗೆ ಬೇಸರವೆಂದು ಇಬ್ಬರನ್ನೂ ಮತ್ತೆ ಅಂಗಡಿಗೆ ಕರೆದುಕೊಂಡು ಹೋಗತೊಡಗಿದೆ. ಗಾಲಿಕುರ್ಚಿ ತಳ್ಳುತ್ತಿದ್ದವಳು ನಾನು, ಬಾಳೆಹಣ್ಣು ಆರಿಸುತ್ತಿದ್ದವರು ಅಂಕಲ್. ಹಾಗೆ ಹೋದಾಗ ಒಮ್ಮೆ ಸೊಪ್ಪಿನ ಮೇಲೆ ನೀರು ಚಿಮುಕಿತು, ಕೊತ್ತಂಬರಿ ಘಮ್ಮೆಂದಿತು, ಅಳುಮುಂಜಿ ಶುರುವಾದ. ಪಲ್ಲವಿಗೆ ಬರುವ ಹೊತ್ತಿಗೆ ಹೆಂಗಸಿನ ದನಿಯೊಂದು ಸೇರಿಕೊಂಡಿತು. ಯಾರೋ ಗಿರಾಕಿ ಗುನುಗುತ್ತಿರಬೇಕು ಎಂದುಕೊಂಡೆ. ನೋಡಿದರೆ ನಮ್ಮ ಆಂಟಿ! ಇಂಗ್ಲಿಷಿನ ಒಂದು ಶಬ್ದವೂ ತಪ್ಪಿಲ್ಲ. ಶ್ರುತಿಯಂತೂ ಆ ಪುಣ್ಯಾತ್ಮನದಕ್ಕಿಂತ ಎಷ್ಟೋ ಮೇಲು.

ಹಾಡು ಮುಗಿಯಿತು, ದನಿಯೂ ನಿಂತಿತು. ಆಂಟಿಯ ಮುಖದಲ್ಲಿ ಸಂತೋಷದ ಸುಳಿವೂ ಇರಲಿಲ್ಲ, ಇದ್ದದ್ದು ಕೆಂಡದಂಥ ಕೋಪ. ಎಡಗೈಯಿಂದ ಕುರ್ಚಿಯ ತೋಳನ್ನು ಪಟಪಟ ಬಡಿದರು. ಆಯುಷ್ಯವಿಡೀ ಹಾಡಿದ ದೇವರ ಹಾಡೆಲ್ಲ ಗಂಟಲಲ್ಲೇ ಉಳಿದು ಇದು ಹೊರಗೆ ಬಂದಿತಲ್ಲ ಎಂದು. ಅಂಕಲ್ ನಗಲು ಹೋಗಿ, ಬಾಳೆಹಣ್ಣು ಹಿಡಿದುಕೊಂಡೇ ಅತ್ತುಬಿಟ್ಟರು. ನಾನೂ ಅತ್ತೆ. ಈರುಳ್ಳಿಯ ರಾಶಿ ಪಕ್ಕದಲ್ಲೇ ಇದ್ದದ್ದು ಅನುಕೂಲವಾಯಿತು.

ಥೆರಪಿಸ್ಟ್ ಹುಡುಗಿಗೆ ಹೇಳಿದಾಗ ಖುಷಿಪಟ್ಟಳು. ಆ ರಾಗದಲ್ಲೇ ಮನೆಯ ಮಾತುಗಳನ್ನು ಕೂರಿಸಿ ಹಾಡಿಸಿ ಎಂದಳು. ಹೇಳುವುದು ಸುಲಭ. ಅಂಕಲ್ ಫೋನಿನಲ್ಲಿ ಹಾಡು ಹಾಕಿದರೆ ಆಂಟಿ ತುಟಿ ಬಿಗಿದು ಕೂರುತ್ತಿದ್ದರು. ಅಂಗಡಿಯಲ್ಲಾದರೆ ತಾನಾಗಿ ಬಾಯಿಂದ ಜಾರುತ್ತಿತ್ತು. ಮನೆಯಲ್ಲಿ, ಅದೂ ಏಸುವಿನ ಪಟದ ಎದುರು, ಆ ಹಾಡು ಹಾಡುವುದೆಂದರೆ ಅವರಿಗೆ ಮಾನ ಹೋದಂತೆ. ನಾನು ಗೋಗರೆದೆ, ಗದರಿದೆ ಕೂಡ. ಮಾತಿಲ್ಲದಿದ್ದರೂ ಹಟಕ್ಕೇನೂ ಕಡಿಮೆ ಇರಲಿಲ್ಲ.

ಚಳಿಗಾಲದ ಮಳೆ ಸುರಿಯುತ್ತಿದ್ದ ಒಂದು ಬೆಳಿಗ್ಗೆ ಟೀಗೆ ನೀರಿಟ್ಟು ನಿಂತಿದ್ದೆ. ಗೋಡೆಯಾಚೆಯಿಂದ ಆ ಹಾಡಿನ ಪಲ್ಲವಿ ಬಂತು, ಮೆಲ್ಲಗೆ. ಅಳುಮುಂಜಿ ಆ ಹುಡುಗಿಯನ್ನು ಕೂಗಿ ಕರೆಯುವ ಎತ್ತರದ ಜಾಗದಲ್ಲಿ ಇಂಗ್ಲಿಷ್ ಇರಲಿಲ್ಲ. "ಆಯ್ಕಲೆಂಗೀ" ಎಂದಿತ್ತು.

ಆಮೇಲೆ ಅಂಕಲ್ಲಿನ "ಹಾಂ". ಮತ್ತೆ ಕರೆ, ಮತ್ತೆ "ಹಾಂ". ಆ ಬೆಳಿಗ್ಗೆಯೆಲ್ಲ ಅದೇ. ನನ್ನ ಟೀ ನೀರು ಬತ್ತಿ ಪಾತ್ರೆ ಕರಕಲಾಯಿತು.

ಅದೊಂದು ಮಾತಿನಾಚೆಗೆ ಅವರಿಗೆ ಬೇರೆ ಮಾತು ಬರಲೇ ಇಲ್ಲ. ಅದೂ ವಸಂತದವರೆಗೆ ಮಾತ್ರ. ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಚರ್ಚಿನಲ್ಲಿ ಅವರು ಕಲಿಸಿದವರೇ ನಿಂತು ಅವರ ಹಾಡುಗಳನ್ನೆಲ್ಲ ಹಾಡಿದರು. ಅಂಕಲ್ ನನ್ನ ಕಡೆ ಬಾಗಿ, "ಚಂದ ಉಂಟು... ಆದ್ರೆ ಅವಳು ನನ್ನನ್ನು ಕರೆದ ಪದ್ಯ ಇದಲ್ಲ" ಎಂದರು. ಅವರ ಕಡೆ ಹಾಡಿಗೆ ಪದ್ಯ ಎನ್ನುತ್ತಾರೆ.

ಆಮೇಲೂ ಅಂಕಲ್ ನನ್ನ ಜೊತೆ ಅಂಗಡಿಗೆ ಬರುತ್ತಿದ್ದರು. ಕೊಳ್ಳುವುದೇನೂ ಇರುತ್ತಿರಲಿಲ್ಲ. ಅಂಗಡಿಯ ಒಳಗೇ ಇದ್ದ ಔಷಧಿ ಕೌಂಟರಿನ ಎದುರಿನ ಬೆಂಚಿನ ಮೇಲೆ ಹ್ಯಾಟು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಹಾಡು ಬಂದಾಗ ಪಲ್ಲವಿಯ ಆ ಜಾಗದಲ್ಲಿ ಅವರ ತುಟಿ "ಹಾಂ" ಎನ್ನುತ್ತಿದ್ದುದನ್ನು ದೂರದಿಂದ ನೋಡಿದ್ದೇನೆ. ಹತ್ತಿರ ಹೋಗಿ ಮಾತಾಡಿಸಲು ಮನಸ್ಸಾಗುತ್ತಿರಲಿಲ್ಲ. ಕೆಲವು ತಿಂಗಳ ಮೇಲೆ ಅಂಗಡಿಯವರು ಹಳೆಯ ಹಾಡುಗಳನ್ನೆಲ್ಲ ತೆಗೆದು ಹೊಸವನ್ನು ಹಾಕಿದರು. ಅಂಕಲ್ ಬರುವುದನ್ನು ಬಿಟ್ಟರು. ಮಂಗಳೂರಿಗೆ ತಂಗಿಯ ಮನೆಗೆ ಹೊರಟರು. ನಾವು ಲಿನ್‌ವುಡ್‌ಗೆ ಮನೆ ಬದಲಿಸಿದೆವು. ಹೋದ ವರ್ಷ ಅಂಕಲ್ಲೂ ಹೋದರು ಎಂದು ಅವರ ತಂಗಿ ಫೋನ್ ಮಾಡಿ ತಿಳಿಸಿದರು...

ಮೊನ್ನೆ ಮಗಳು ಜೊತೆಗಿದ್ದಳು. ಈಗ ನನ್ನ ಎತ್ತರಕ್ಕೆ ಬೆಳೆದಿದ್ದಾಳೆ. ಸ್ಪೀಕರಿನ ಕಡೆ ಮುಖ ಕಿವುಚಿ, "ಅಮ್ಮಾ, ದಿಸ್ ಸಾಂಗ್ ಈಸ್ ಸೋ ಅನಾಯಿಂಗ್" ಎಂದಳು. ಗೋಡೆಯ ಈಚೆಯಿಂದ ತಾನು ಉತ್ತರ ಕೊಡುತ್ತಿದ್ದುದು ಅವಳಿಗೆ ನೆನಪಿಲ್ಲ. ಆಂಟಿಯ ಮುಖವೂ ನೆನಪಿಲ್ಲ. ಪಲ್ಲವಿ ಬಂತು. ಆ ಜಾಗದಲ್ಲಿ ಹಾಡಿನ ನಿಜವಾದ ಶಬ್ದ ಏನೆಂದು ಈಗ ನನಗೆ ಕೇಳಿಸುವುದೇ ಇಲ್ಲ.

"ಹಾಂ" ಎಂದೆ.

"ಹೂ ಆರ್ ಯೂ ಟಾಕಿಂಗ್ ಟು?" ಎಂದು ಮಗಳು ಸುತ್ತ ನೋಡಿದಳು.

"ಪಕ್ಕದ ಮನೆ ಆಂಟಿ ಕರೆದ್ರು ಪುಟ್ಟಿ" ಎಂದೆ. ಕೊತ್ತಂಬರಿ ಕಟ್ಟನ್ನು ಗಾಡಿಯಲ್ಲಿಟ್ಟೆ. ಆ ಕರೆಗೆ ಓಗೊಡಲು ಈಗ ನನ್ನನ್ನು ಬಿಟ್ಟರೆ ಯಾರೂ ಉಳಿದಿಲ್ಲ.