ಎಡೆಗಿಟ್ಟ ಬೋರ್ಬನ್

ಮೊನ್ನೆ ಭಾನುವಾರ ಕಡೂರಿನ ಗೆಳೆಯನ ಮನೆಯಲ್ಲಿ ಬೋರ್ಬನ್ ವಿಸ್ಕಿಯ ಮುಚ್ಚಳ ತೆಗೆದದ್ದೇ ತಡ, ಆ ಸಿಹಿವಾಸನೆಗೆ ನನ್ನ ಎದೆ ಧಸಕ್ಕೆಂದಿತು. "ಏನಪ್ಪಾ, ಇನ್ನೂ ಕುಡಿದೇ ಇಲ್ಲ, ಆಗ್ಲೇ ಬೆವರ್ತಿದೀಯ!" ಅಂದ ಗೆಳೆಯ. ನೀವು ಮಾತ್ರ ನಗಬೇಡಿ. ಕೇಳಿದರೆ ನಿಮಗೂ ಒಂದು ಹನಿ ಬೆವರು ಬಂದೀತು.

ಅಜ್ಜಂಪುರದ ನಮ್ಮ ಮನೆ, ಒಂದೆರಡು ವರ್ಷದ ಹಿಂದಿನ ಪಿತೃಪಕ್ಷದ ಅಮಾವಾಸ್ಯೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಫೋಟೋದ ಮುಂದೆ ಎಡೆ ಇಟ್ಟು, ಹಿರಿಯರು ಉಣ್ಣಲಿ ಅಂತ ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು ನಮ್ಮ ಪದ್ಧತಿ. ಲಾರಿ ಓಡಿಸುತ್ತಿದ್ದ ಅಪ್ಪನಿಗೆ ಬಾಡಿನ ಸಾರು, ಬೀಡಿ, ಒಂದು ಲೋಟ ಬ್ರಾಂದಿ. ಆ ವರ್ಷ ಅಮಾವಾಸ್ಯೆ ಗಾಂಧಿ ಜಯಂತಿಯ ದಿನವೇ ಬಿತ್ತು. ಬ್ರಾಂದಿ ಅಂಗಡಿಗೆಲ್ಲ ಬೀಗ! ಮನೆಯಲ್ಲಿದ್ದದ್ದು ಭಾವ ತಂದಿಟ್ಟ ಬೋರ್ಬನ್ ಒಂದೇ. ಈಗ ಎಲ್ಲ ಊರಲ್ಲೂ ಸಿಗುತ್ತಲ್ಲ, ಅದೇ.

ಅಕ್ಕ ತುಂಬು ಬಸುರಿ. ಹಿಂದೆ ಎರಡು ಸಲ ಬಸುರು ನಿಂತಿರಲಿಲ್ಲ. ಈ ಸಲವಾದರೂ ಹಿರಿಯರು ಮುನಿಯಬಾರದೆಂದು ಚಿಕ್ಕವ್ವ ಬೆಳಗಿನಿಂದ ಎಲ್ಲರನ್ನೂ ಗದರುತ್ತಿದ್ದಳು.

"ಬೋರ್ಬನ್ ಅಂದ್ರೆ ಬಿಸ್ಕತ್ತಲ್ವೇನೋ?"

"ಇದು ಮೆಕ್ಕೆಜೋಳದ್ದು ಚಿಕ್ಕವ್ವ."

"ಅಯ್ಯೋ, ಕೋಳಿಗೆ ಹಾಕೋದು! ನಿಮ್ಮಪ್ಪಂಗೆ ಹಿಡಿಸ್ತದೋ ಇಲ್ವೋ, ಒಂಚೂರು ನೋಡೋ."

ನನಗೂ ನ್ಯಾಯಾಧೀಶನ ಗತ್ತು ಬಂದುಬಿಟ್ಟಿತು. ಲೋಟಕ್ಕೆ ಬಗ್ಗಿಸಿ, ಅಲ್ಲಾಡಿಸಿ, ಮೂಸಿ, ಒಂದು ಗುಟುಕು ಹೀರಿದೆ. ಮೊದಲು ವೆನಿಲಾ ಐಸ್‌ಕ್ರೀಮು, ಆಮೇಲೆ ತಳ ಹತ್ತಿದ ಸಕ್ಕರೆ ಪಾಕ, ಗಂಟಲಿಗಿಳಿಯುವಾಗ ಆಗತಾನೆ ಕೊಯ್ದ ಮರದ ಒಗರು. ಉರಿ ಕಮ್ಮಿ, ರುಚಿ ಬಹಳ ಹೊತ್ತು ನಿಲ್ಲುವುದಿಲ್ಲ, ಆದರೂ ಮೋಸವಿಲ್ಲ. "ಪರವಾಗಿಲ್ಲ, ಸಿಹಿ ಒಂಚೂರು ಮುಂದು" ಅಂತ ತೀರ್ಪು ಕೊಟ್ಟು, ಅದೇ ಲೋಟ ತುಂಬಿಸಿ ಅಪ್ಪನ ಮುಂದಿಟ್ಟೆ.

ಬಾಗಿಲು ಮುಚ್ಚಿದ ಮೇಲೆ ಹೊಳೆಯಿತು ನೋಡಿ. ಎಂಜಲು! ಇನ್ನೊಬ್ಬರ ಬಾಯಿ ತಾಗಿದ ಲೋಟ ಕಂಡರೆ ಅಪ್ಪ ಅಂಗಳಕ್ಕೆ ಎಸೆಯುತ್ತಿದ್ದ, ಎಸೆದು ನಮ್ಮ ಕಡೆ ತಿರುಗುತ್ತಿದ್ದ. ಹಿರಿಯರು ಉಣ್ಣುವಾಗ ಬಾಗಿಲು ತೆಗೆಯುವ ಹಾಗಿಲ್ಲ. ತಡೆಯಲಾರದೆ, "ಚಿಕ್ಕವ್ವ, ಆ ಲೋಟ ನಾನು ಕುಡಿದದ್ದು" ಅಂದುಬಿಟ್ಟೆ.

ಚಿಕ್ಕವ್ವ ಕುಸಿದು ಕೂತಳು. ಅಕ್ಕ ನನ್ನತ್ತ ನೋಡಲೂ ಇಲ್ಲ. ಎರಡೂ ಕೈಯಿಂದ ಹೊಟ್ಟೆ ತಬ್ಬಿಕೊಂಡು ಬಾಗಿಲಿಗೆ ಬಾಯಿ ಹಚ್ಚಿದಳು.

"ಅಪ್ಪಾ, ಏನು ಮಾಡೋದಿದ್ರೂ ಅವನಿಗೆ ಮಾಡು. ನನ್ನ ಮಗೂನ ಬಿಟ್ಬಿಡು."

ನಾನೂ ಕೈ ಮುಗಿದೆ. "ಹೂಂ ಅಪ್ಪಾ, ನಂಗೇ" ಅಂದೆ.

"ರುಚಿ ನೋಡಿ ಹೇಳು ಮಾರಾಯ" ಅಂತ ಮೊನ್ನೆ ಗೆಳೆಯ ಲೋಟ ಮುಂದೆ ತಳ್ಳಿದ. ಈಗ ನಾನು ಯಾವುದಕ್ಕೂ ತೀರ್ಪು ಕೊಡುವುದಿಲ್ಲ. ಅಕ್ಕನಿಗೆ ಹೆಣ್ಣುಮಗು ಹುಟ್ಟಿತು, ಗುಂಡುಕಲ್ಲಿನ ಹಾಗಿದೆ. ಅದು ಓಡಿಬಂದು ಕೊರಳಿಗೆ ಬಿದ್ದಾಗಲೆಲ್ಲ ಖುಷಿಯ ಜೊತೆಗೇ ನನಗೊಂದು ನಡುಕ ಹುಟ್ಟುತ್ತದೆ. ಅಪ್ಪ ಅಕ್ಕನ ಮಾತು ಕೇಳಿಸಿಕೊಂಡಿದ್ದಾನೆ. ಅರ್ಧ ನಡೆಸಿಯೂ ಕೊಟ್ಟಿದ್ದಾನೆ.